ಅಂಗಿ ಕೊಡವಿದ ಗ್ಯಾಲರಿಗೂ ಇನ್‌ಸ್ಪೆಕ್ಟರ್ ಬರಲಿ

ಸಂಪಾದಕರಿಗೆ ನಮಸ್ಕಾರ.

ನಾನು ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ ಇರುವವಳು. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ 31 ವರ್ಷ ಪಾಠ ಮಾಡಿ 2018ರಲ್ಲಿ ನಿವೃತ್ತಳಾದೆ. ದಿನಾ ಪತ್ರಿಕೆ ಓದುತ್ತೇನೆ, ಆದರೆ ಸಂಪಾದಕರಿಗೆ ಬರೆಯುತ್ತಿರುವುದು ಇದೇ ಮೊದಲು. ಮುಚ್ಚಿದ ಕಾರ್ಖಾನೆಗಳಲ್ಲಿ ಉಳಿದ ಆಸ್ಬೆಸ್ಟಾಸ್ ಧೂಳಿನ ಬಗ್ಗೆ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗಿದೆ. ದಯವಿಟ್ಟು ಕತ್ತರಿಸದೆ ಹಾಕಿ.

ನಮ್ಮ ಬಿಲ್ಡಿಂಗಿನಿಂದ ಎಲ್‌ಬಿಎಸ್ ಮಾರ್ಗಕ್ಕೆ ಹೋಗುವ ದಾರಿಯಲ್ಲಿ ಒಂದು ಹಳೇ ಕಾರ್ಖಾನೆಯ ಕಾಂಪೌಂಡ್ ಇದೆ. ಅದಕ್ಕೆ ಬೀಗ ಬಿದ್ದು ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಟವರ್ ಬರುತ್ತದಂತೆ. ಹೋದ ಮೇ ತಿಂಗಳಲ್ಲಿ ಶೆಡ್ ಒಡೆಯಲು ಶುರು ಮಾಡಿದರು. ಒಂದು ದಿನ ಬೆಳಗ್ಗೆ ಹಾಲಿಗೆ ಅಂತ ಇಳಿದವಳು ಆ ಗೇಟಿನ ಎದುರು ನಿಂತೇಬಿಟ್ಟೆ. ಮಾಡಿನ ಮೇಲೆ ಇಬ್ಬರು ಹುಡುಗರು ಸುತ್ತಿಗೆ ಹಿಡಿದು ಸಿಮೆಂಟ್ ಪತ್ರಾ, ಅಂದರೆ ಮಾಡಿನ ಶೀಟು, ಒಡೆಯುತ್ತಿದ್ದರು. ಒಡೆದ ತುಂಡನ್ನು ಹಾಗೇ ಕೆಳಗೆ ಬಿಡುತ್ತಿದ್ದರು. ಬಿದ್ದಲ್ಲಿ ಬೂದಿ ಬಣ್ಣದ ಧೂಳು ಆಳೆತ್ತರ ಏಳುತ್ತಿತ್ತು. ಕೆಳಗೆ ನಾಲ್ಕೈದು ಹೆಂಗಸರು ಆ ಚೂರುಗಳನ್ನು ಬರಿಗೈಯಲ್ಲಿ ಎತ್ತಿ ಘಮೇಲಾಕ್ಕೆ ತುಂಬುತ್ತಿದ್ದರು. ಅವರಲ್ಲಿ ಒಬ್ಬಳು ಮರಳಿನ ಗುಡ್ಡೆ ಮೇಲೆ ಆಡುತ್ತಿದ್ದ ಮಗುವನ್ನು ಕನ್ನಡದಲ್ಲಿ ಗದರಿದಳು.

ಕನ್ನಡ ಕೇಳಿದ ಮೇಲೆ ಸುಮ್ನೆ ಹೋಗಲು ಆಗುತ್ತದಾ? ಒಳಗೆ ಹೋಗಿ ಮಾತಾಡಿಸಿದೆ. ಯಾದಗಿರಿ ಕಡೆಯವಳು. ಕೂಲಿಗೆ ಜನ ಸೇರುವ ನಾಕಾದಲ್ಲಿ ನಿಂತಿದ್ದಾಗ ಮುಕಾದಮ, ಅಂದರೆ ಕೂಲಿಯವರ ಮೇಸ್ತ್ರಿ, ಕರೆದುಕೊಂಡು ಬಂದನಂತೆ. "ಮೂಗಿಗೆ ಏನಾದ್ರೂ ಕಟ್ಟಿಕೊಳ್ಳಮ್ಮ, ಈ ಧೂಳು ಒಳ್ಳೇದಲ್ಲ" ಅಂದೆ. "ಸೆರಗ ಐತಲ್ರೀ ಅಕ್ಕಾರ" ಅಂದಳು. "ಒಡೆಯುವ ಮೊದಲು ನೀರು ಹೊಡೆಯೋದಿಲ್ವಾ?" ಅಂತ ಕೇಳಿದೆ. "ಕುಡೀಲಾಕ ನೀರ ಸಿಗೂದಿಲ್ಲ, ಇದಕ್ಕೆಲ್ಲಿಂದ ಹೊಡೀತಾರ್ರೀ" ಅಂದಳು. ಅಷ್ಟರಲ್ಲಿ ಮುಕಾದಮ ಬಂದ. ನಾನು ಹೊರಗೆ ಬಂದೆ.

ಆ ಪತ್ರಾಗಳಲ್ಲಿ ಇರುವುದು ಆಸ್ಬೆಸ್ಟಾಸ್. ನಮ್ಮ ಕನ್ನಡದಲ್ಲಿ ಅದಕ್ಕೆ ಒಳ್ಳೇ ಹೆಸರಿದೆ, ಕಲ್ನಾರು. ಕಲ್ಲಿನ ನಾರು. ಭೂಮಿಯೊಳಗಿನ ಈ ಕಲ್ಲನ್ನು ಜಜ್ಜಿದರೆ ಪುಡಿಯಾಗುವುದಿಲ್ಲ, ಹತ್ತಿಯ ಹಾಗೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಬೆಂಕಿಗೆ ಜಗ್ಗುವುದಿಲ್ಲ. ಅದಕ್ಕೇ ಬಾಯ್ಲರಿಗೆ, ಪೈಪಿಗೆ, ಬ್ರೇಕಿಗೆ, ಮಾಡಿನ ಶೀಟಿಗೆ ಎಲ್ಲದಕ್ಕೂ ಬಳಸಿದರು. ಶೀಟು ಮಾಡಿನ ಮೇಲೆ ಗಟ್ಟಿಯಾಗಿ ಇರುವಷ್ಟು ದಿನ ಅಪಾಯ ಕಮ್ಮಿ. ಒಡೆದಾಗ, ಕೊರೆದಾಗ ಎಳೆ ಹಾರುತ್ತದೆ. ಉಸಿರಿನ ಜೊತೆ ಒಳಗೆ ಹೋದ ಎಳೆ ಶ್ವಾಸಕೋಶದಲ್ಲಿ ಕೂತರೆ ಕರಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಇಪ್ಪತ್ತು ವರ್ಷಕ್ಕೋ ನಲವತ್ತು ವರ್ಷಕ್ಕೋ ಕಾಯಿಲೆ ತೋರಿಸುತ್ತದೆ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎರಡು ಸಲ ನೋಡಿದ್ದೇನೆ.

ನನ್ನ ಅಪ್ಪಯ್ಯ ಕುಂದಾಪುರದ ಕಡೆಯವರು. 1954ರಲ್ಲಿ ಮುಂಬಯಿಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ರಾತ್ರಿ ಕನ್ನಡ ಶಾಲೆಗೆ ಹೋಗಿ ಏಳನೇ ಕ್ಲಾಸು ಮುಗಿಸಿದರು. 1964ರಲ್ಲಿ ಈ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಾಯ್ಲರ್ ಮತ್ತು ಪೈಪಿಗೆ ಸುತ್ತುವ ಹೊದಿಕೆ ಮಾಡುವ ಕಾರ್ಖಾನೆ. ಅದರ ಹೆಸರು ಇಲ್ಲಿ ಬೇಡ. ನನ್ನ ಮಾತು ಒಂದು ಕಂಪನಿಯ ಬಗ್ಗೆ ಅಲ್ಲ. ಪರ್ಮನೆಂಟ್ ಆದ ದಿನ ಅಪ್ಪಯ್ಯ ಅರ್ಧ ಕಿಲೋ ಪೇಢೆ ತಂದು ಇಡೀ ಚಾಳಿಗೆ ಹಂಚಿದ್ದರಂತೆ. ಮರುವರ್ಷ ಅಮ್ಮನನ್ನೂ ಐದು ವರ್ಷದ ನನ್ನನ್ನೂ ಊರಿನಿಂದ ಕರೆಸಿಕೊಂಡರು.

ಅಪ್ಪಯ್ಯನದು ಗೋಣಿ ಬಿಡಿಸುವ ಖಾತೆ. ಗೋಣಿ ಚೀಲದಲ್ಲಿ ಕಲ್ನಾರು ಬರುತ್ತಿತ್ತು. ಹೊಲಿಗೆ ಬಿಚ್ಚಿ, ಮಶೀನಿನ ಬಾಯಿಗೆ ಸುರಿದು, ಖಾಲಿ ಚೀಲ ಕೊಡವಿ ಮಡಿಸಿ ಇಡಬೇಕು. ಅವರೆಲ್ಲ ಅದನ್ನು ಹತ್ತಿ ಅಂತಲೇ ಕರೆಯುತ್ತಿದ್ದರು. ಸಂಜೆ ಮನೆಗೆ ಬರುವಾಗ ಖಾಕಿ ಅಂಗಿಯ ಕಾಲರಿನಲ್ಲಿ, ಜೇಬಿನ ಮೂಲೆಯಲ್ಲಿ, ಹುಬ್ಬಿನಲ್ಲಿ ಬೆಳ್ಳಗೆ ಅಂಟಿಕೊಂಡಿರುತ್ತಿತ್ತು. ಅಮ್ಮ ಅಂಗಿಯನ್ನು ಗ್ಯಾಲರಿಗೆ ತೆಗೆದುಕೊಂಡು ಹೋಗಿ, ಎರಡು ಭುಜ ಹಿಡಿದು, ಕಟಾಂಜನದ ಮೇಲೆ ಜೋರಾಗಿ ಎರಡು ಸಲ ಕೊಡವುತ್ತಿದ್ದಳು. ಆಮೇಲೆ ಬಕೆಟಿಗೆ ಹಾಕುತ್ತಿದ್ದಳು. ನಮ್ಮದು ಪಡುವಣ ಗ್ಯಾಲರಿ. ಆ ಹೊತ್ತಿಗೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಕೊಡವಿದ್ದು ಕೆಳಗೆ ಬೀಳುತ್ತಿರಲಿಲ್ಲ, ಬಿಸಿಲಿನಲ್ಲಿ ಮಿಣಮಿಣ ಅಂತ ತೇಲುತ್ತಿತ್ತು. ನಾನು ಎರಡೂ ಕೈ ಚಾಚಿ ಹಿಡಿಯಲು ಹಾರುತ್ತಿದ್ದೆ. ಅಮ್ಮ ನಗುತ್ತಿದ್ದಳು. ನಮಗೆ ಕಂಡದ್ದು ದಪ್ಪ ಎಳೆಗಳು. ಎದೆಗೆ ಇಳಿಯುವ ಎಳೆ ಕಣ್ಣಿಗೆ ಕಾಣುವುದಿಲ್ಲ ಅಂತ ಬಹಳ ವರ್ಷದ ಮೇಲೆ ಗೊತ್ತಾಯಿತು.

ಖಾಲಿ ಗೋಣಿಯನ್ನು ಕಾರ್ಖಾನೆಯಲ್ಲಿ ನಾಲ್ಕಾಣೆಗೆ ಒಂದರಂತೆ ಕೆಲಸದವರಿಗೇ ಮಾರುತ್ತಿದ್ದರು. ಒಳ್ಳೇ ಗಟ್ಟಿ ಗೋಣಿ. ಹಾಸಿಗೆಯ ಕೆಳಗೆ, ಇದ್ದಿಲು ತುಂಬಲು, ಬಾಗಿಲಲ್ಲಿ ಕಾಲೊರೆಸಲು, ಮಳೆಗಾಲದಲ್ಲಿ ಗ್ಯಾಲರಿಗೆ ಅಡ್ಡ ಕಟ್ಟಲು, ಎಲ್ಲದಕ್ಕೂ ಅದೇ. ಅಪ್ಪಯ್ಯ ನೆರೆಮನೆಯವರಿಗೂ ತಂದುಕೊಟ್ಟಿದ್ದಾರೆ. ಉಪಕಾರ ಅಂತಲೇ ತಂದುಕೊಟ್ಟರು.

ಇನ್‌ಸ್ಪೆಕ್ಟರ್ ಬರುತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಬರುತ್ತಿದ್ದರು. ಅವರು ಬಂದ ದಿನ ಅಮ್ಮನಿಗೆ ಯಾರೂ ಹೇಳದೆ ಗೊತ್ತಾಗುತ್ತಿತ್ತು. ಆ ಸಂಜೆ ಅಂಗಿ ಚೊಕ್ಕ ಇರುತ್ತಿತ್ತು! "ಇವತ್ತು ಸಾಹೇಬರು ಬಂದಿದ್ರಾ?" ಅಂತ ಕೇಳುತ್ತಿದ್ದಳು. "ಹೌದು, ಬೆಳಗ್ಗೆಯಿಂದ ನೆಲಕ್ಕೆ ನೀರು ಹಾಕಿದ್ದರು, ನಮ್ಮ ಮಶೀನ್ ಬಂದ್ ಇತ್ತು" ಅನ್ನುತ್ತಿದ್ದರು ಅಪ್ಪಯ್ಯ. ನೆಲ ಒದ್ದೆ ಇದ್ದಾಗ, ಮಶೀನ್ ನಿಂತಿದ್ದಾಗ ಗಾಳಿ ಪರೀಕ್ಷೆ ಮಾಡಿದರೆ ಏನು ಸಿಗುತ್ತದೆ? ಇನ್‌ಸ್ಪೆಕ್ಟರ್ ಒಳ್ಳೆಯವರೇ ಇದ್ದಿರಬಹುದು. ಆದರೆ ಅವರು ನೋಡಬೇಕಾದ್ದು ಆ ದಿನ ಅಲ್ಲಿ ಇರಲಿಲ್ಲ. ಹಿಂದಿನ ದಿನ ನಮ್ಮ ಗ್ಯಾಲರಿಯಲ್ಲಿ ಇತ್ತು.

ಅಪ್ಪಯ್ಯನಿಗೆ ಐವತ್ತು ದಾಟುವ ಮೊದಲೇ ಮೆಟ್ಟಿಲು ಹತ್ತಲು ಕಷ್ಟವಾಯಿತು. ಒಣ ಕೆಮ್ಮು. ದವಾಖಾನೆಯಲ್ಲಿ ಟಿಬಿ ಅಂದರು, ಒಂಬತ್ತು ತಿಂಗಳು ಮಾತ್ರೆ ಕೊಟ್ಟರು. ಆಮೇಲೆ ದಮ್ಮು ಅಂದರು. 1988ರಲ್ಲಿ ಕೆಲಸ ಬಿಟ್ಟರು. 1992ರಲ್ಲಿ ತೀರಿಕೊಂಡರು. ಕಲ್ನಾರಿನ ಹೆಸರನ್ನು ಯಾವ ಕಾಗದದಲ್ಲೂ ಬರೆಯಲಿಲ್ಲ.

ಅಮ್ಮನ ಕಾಯಿಲೆ 2006ರಲ್ಲಿ ಶುರುವಾಯಿತು. ಎದೆಯ ಒಂದು ಕಡೆ ನೀರು ತುಂಬಿತು. ತೆಗೆದರು, ಮತ್ತೆ ತುಂಬಿತು. ಕೊನೆಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ತುಣುಕು ತೆಗೆದು ಪರೀಕ್ಷೆ ಮಾಡಿ ಮೀಸೋಥೀಲಿಯೋಮಾ ಅಂದರು. ಶ್ವಾಸಕೋಶದ ಹೊದಿಕೆಗೆ ಬರುವ ಕ್ಯಾನ್ಸರ್. ಅಲ್ಲಿನ ಡಾಕ್ಟರಮ್ಮ ಬಹಳ ಸಾವಧಾನದವರು. ಅಮ್ಮನ ಕೈ ಹಿಡಿದು ಕೇಳಿದರು, "ಅಜ್ಜಿ, ನೀವು ಯಾವತ್ತಾದರೂ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದೀರಾ?" ಅಮ್ಮ ಇಲ್ಲ ಅಂದಳು. ನಿಜ ತಾನೆ. ಅವಳು ಕಾರ್ಖಾನೆಯ ಗೇಟನ್ನೂ ದಾಟಿದವಳಲ್ಲ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದರು. "ಮನೆಯವರ ಬಟ್ಟೆ ಯಾರು ಒಗೆಯುತ್ತಿದ್ದರು?"

ಅಮ್ಮ ನನ್ನ ಮುಖ ನೋಡಿದಳು. ಆ ನೋಟ ಇವತ್ತಿಗೂ ನನ್ನ ಕಣ್ಣಮುಂದೆ ಇದೆ. ಗ್ಯಾಲರಿಯಲ್ಲಿ ಮೊದಲ ಅಂಗಿ ಕೊಡವಿ ಅವತ್ತಿಗೆ 41 ವರ್ಷ ಆಗಿತ್ತು. ಮರುವರ್ಷ ಅಮ್ಮ ಹೋದಳು.

ಇದೆಲ್ಲ ಹಳೇ ಕಥೆ, ಈಗ ಯಾಕೆ ಅಂತ ಕೇಳಬಹುದು. ಕಾರಣ ಹೇಳುತ್ತೇನೆ. ನನ್ನ ಮಗ ಅಮೆರಿಕದ ಮಿನಿಯಾಪೊಲಿಸ್ ಊರಿನಲ್ಲಿ ಇದ್ದಾನೆ. ಎರಡು ವರ್ಷದ ಹಿಂದೆ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಹಳೇ ಮನೆ ಕೊಳ್ಳಲು ನೋಡುತ್ತಿದ್ದ. ಕೊಳ್ಳುವ ಮೊದಲು ಅಲ್ಲಿ ಮನೆ ತಪಾಸಣೆ ಮಾಡುವವರು ಬಂದು ಎಲ್ಲ ನೋಡಿ ವರದಿ ಕೊಡುತ್ತಾರೆ. ಆ ವರದಿಯಲ್ಲಿ ಒಂದು ಸಾಲು ಇತ್ತು. ಅಟ್ಟದಲ್ಲಿ ವರ್ಮಿಕ್ಯುಲೈಟ್ ಸುರಿದಿದ್ದಾರೆ, ಅದರಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದುಕೊಳ್ಳಿ, ಮುಟ್ಟಬೇಡಿ, ಅಟ್ಟದಲ್ಲಿ ಸಾಮಾನು ಇಡಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಮಗ ಓದಿ ಹೇಳಿದಾಗ ನನಗೆ ಕೂತಲ್ಲೇ ಕೈ ನಡುಗಿತು. ಇದು ಇಲ್ಲಿಗೂ ಬಂತಾ ಅನ್ನಿಸಿತು. ಆ ಎರಡು ತಿಂಗಳು ನಾನು ಅದನ್ನೇ ಕೇಳಿದೆ, ಓದಿಸಿಕೊಂಡೆ, ಬರೆದಿಟ್ಟುಕೊಂಡೆ.

ವರ್ಮಿಕ್ಯುಲೈಟ್ ನೋಡಲು ಕಾಗೆ ಬಂಗಾರದ ಥರ. ಪದರ ಪದರವಾಗಿ ಹೊಳೆಯುತ್ತದೆ. ಜೋರು ಕಾವಿಗೆ ಹಾಕಿದರೆ ಭತ್ತ ಸಿಡಿದು ಅರಳಾಗುವ ಹಾಗೆ ಉಬ್ಬುತ್ತದೆ, ಹಗುರಾಗುತ್ತದೆ. ಚಳಿ ತಡೆಯಲು ಗೋಡೆಗೆ, ಅಟ್ಟಕ್ಕೆ ತುಂಬುತ್ತಾರೆ. ಗಿಡದ ಮಣ್ಣಿಗೂ ಹಾಕುತ್ತಾರೆ. ನಮ್ಮ ಇಲ್ಲಿನ ನರ್ಸರಿಗಳಲ್ಲೂ ಸಿಗುತ್ತದೆ. ಕುಂಡದಲ್ಲಿ ಗಿಡ ಬೆಳೆಸುವವರು ಇದನ್ನು ಓದಿ ಗಾಬರಿಯಾಗುವುದು ಬೇಡ. ವರ್ಮಿಕ್ಯುಲೈಟ್ ಅಂದರೆ ಕಲ್ನಾರು ಅಲ್ಲ. ಯಾವ ಗಣಿಯಿಂದ ಬಂತು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊಂಟಾನಾ ರಾಜ್ಯದ ಲಿಬ್ಬಿ ಅನ್ನುವ ಸಣ್ಣ ಊರಿನ ಗಣಿಯಲ್ಲಿ ಈ ಖನಿಜದ ಜೊತೆ ಟ್ರೆಮೊಲೈಟ್ ಜಾತಿಯ ಕಲ್ನಾರೂ ಬೆರೆತಿತ್ತು. ಆ ಗಣಿ 1920ರ ದಶಕದಿಂದ 1990ರವರೆಗೆ ನಡೆಯಿತು. 1963ರಲ್ಲಿ ಗ್ರೇಸ್ ಕಂಪನಿ ಅದನ್ನು ಕೊಂಡಿತ್ತು. ಅಮೆರಿಕದಲ್ಲಿ ಆ ಕಾಲಕ್ಕೆ ಮಾರಾಟವಾದ ವರ್ಮಿಕ್ಯುಲೈಟಿನಲ್ಲಿ ಬಹುಪಾಲು ಅದೊಂದೇ ಗಣಿಯದ್ದು.

ಗಣಿ ಮುಚ್ಚಿ ಒಂಬತ್ತು ವರ್ಷ ಆದ ಮೇಲೆ, 1999ರ ನವೆಂಬರಿನಲ್ಲಿ, ಸಿಯಾಟಲ್ ನಗರದ ಒಂದು ಪತ್ರಿಕೆ ಲಿಬ್ಬಿಯ ಸಾವುಗಳ ಬಗ್ಗೆ ಬರೆಯಿತು. ಸಿಯಾಟಲ್ ಪೋಸ್ಟ್-ಇಂಟೆಲಿಜೆನ್ಸರ್ ಅಂತ ಅದರ ಹೆಸರು. ವರದಿ ಬಂದ ಕೆಲವೇ ದಿನಗಳಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಏಜೆನ್ಸಿಯ ತಂಡ ಲಿಬ್ಬಿಗೆ ಹೋಯಿತು. ಸಂಪಾದಕರೇ, ಈ ಪತ್ರವನ್ನು ಬೇರೆ ಯಾರಿಗೂ ಬರೆಯದೆ ನಿಮಗೇ ಬರೆದದ್ದು ಯಾಕೆ ಅಂತ ನಿಮಗೆ ಅರ್ಥವಾಗುತ್ತದೆ.

ಊರಿನವರನ್ನು ಕರೆದು ಎಕ್ಸ್‌ರೇ ತೆಗೆದರು. 2000 ಮತ್ತು 2001ರಲ್ಲಿ 7,300ಕ್ಕೂ ಜಾಸ್ತಿ ಜನರನ್ನು ತಪಾಸಣೆ ಮಾಡಿದರು. ಎಕ್ಸ್‌ರೇ ತೆಗೆದ ದೊಡ್ಡವರಲ್ಲಿ ನೂರಕ್ಕೆ ಸುಮಾರು 18 ಜನರಿಗೆ ಶ್ವಾಸಕೋಶದ ಹೊದಿಕೆಯಲ್ಲಿ ದೋಷ ಕಂಡಿತು. ಅವರಲ್ಲಿ ಗಣಿಗೆ ಹೋಗದವರೂ ಇದ್ದರು. ಗಣಿ ಕೆಲಸದವರ ಜೊತೆ ಒಂದೇ ಮನೆಯಲ್ಲಿ ಇದ್ದವರು, ನನ್ನ ಅಮ್ಮನಂಥವರು. ಶಾಲೆಯ ಮಕ್ಕಳು ಓಡುವ ಟ್ರ್ಯಾಕಿಗೂ ಗಣಿಯ ಪುಡಿಯನ್ನೇ ಹಾಸಿದ್ದರು. ಶಾಲೆಯಲ್ಲೇ ಜೀವನ ಕಳೆದವಳು ನಾನು. ಈ ಸಾಲು ಓದಿದ ದಿನ ಊಟ ಸೇರಲಿಲ್ಲ. 2009ರಲ್ಲಿ ಅಲ್ಲಿನ ಸರ್ಕಾರ ಲಿಬ್ಬಿಯಲ್ಲಿ ಸಾರ್ವಜನಿಕ ಆರೋಗ್ಯದ ತುರ್ತು ಪರಿಸ್ಥಿತಿ ಅಂತ ಘೋಷಣೆ ಮಾಡಿತು.

ಆದರೆ ನಾನು ಹೇಳಬೇಕು ಅಂತ ಇರುವುದು ಗಣಿಯ ಮಾತಲ್ಲ. ಅವರು ಗಣಿಗೆ ಹೋಗಿ ಅಲ್ಲೇ ನಿಲ್ಲಲಿಲ್ಲ. ಆ ಚೀಲಗಳು ಎಲ್ಲೆಲ್ಲಿಗೆ ಹೋದವು ಅಂತ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದರು. ದೇಶದ ತುಂಬ 200ಕ್ಕಿಂತ ಜಾಸ್ತಿ ಜಾಗ ಸಿಕ್ಕವು. ಎಲ್ಲೋ ಕುಲುಮೆ, ಎಲ್ಲೋ ಗೋದಾಮು. ಎಷ್ಟೋ ಕಡೆ ಮೊದಲಿನ ಕಾರ್ಖಾನೆಯೇ ಇರಲಿಲ್ಲ, ಬೇರೆ ಏನೋ ನಡೆಯುತ್ತಿತ್ತು. ಆ ಪಟ್ಟಿಯಿಂದ ಜಾಸ್ತಿ ಮಾಲು ಹೋದ 28 ಜಾಗಗಳನ್ನು ಮೊದಲು ಆರಿಸಿದರು. 1964ರಿಂದ 1990ರವರೆಗೆ ಲಿಬ್ಬಿಯಲ್ಲಿ ತೆಗೆದ ಮಾಲಿನಲ್ಲಿ ನೂರಕ್ಕೆ ಸುಮಾರು 80 ಪಾಲು ಈ 28 ಕಡೆ ಹೋಗಿತ್ತು. ಎಟಿಎಸ್‌ಡಿಆರ್ ಅನ್ನುವ ಸರ್ಕಾರಿ ಆರೋಗ್ಯ ಸಂಸ್ಥೆ ಒಂದೊಂದು ಜಾಗದ ಬಗ್ಗೆಯೂ ಬೇರೆ ಬೇರೆ ವರದಿ ಮಾಡಿತು. 2008ರಲ್ಲಿ ಎಲ್ಲ ಸೇರಿಸಿ ಒಂದು ವರದಿ ಬಂತು. ಯಾರಿಗೆ ಜಾಸ್ತಿ ಅಪಾಯವಾಗಿತ್ತು? ಹಳೇ ಕೆಲಸಗಾರರಿಗೆ ಮತ್ತು ಅವರ ಮನೆಯವರಿಗೆ. ಇದನ್ನು ಸರ್ಕಾರವೇ ಬರೆದು ಪ್ರಕಟಿಸಿತು.

ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಹಲವು ಜಾಗಗಳಲ್ಲಿ ಈಗ ಹೆದರುವಂಥದ್ದು ಏನಿಲ್ಲ ಅಂತಲೂ ಅವರು ಬರೆದರು. ತಪಾಸಣೆ ಅಂದರೆ ಬರೀ ತಪ್ಪು ಹುಡುಕುವುದಲ್ಲ. ಅಲ್ಲಿ ವಾಸ ಮಾಡುವವರಿಗೆ ನೆಮ್ಮದಿಯನ್ನೂ ಕೊಡಬಹುದು. ಬಿಲ್ಡರುಗಳೂ ಇದನ್ನು ಓದಲಿ.

ಮಗ ಇರುವ ಮಿನಿಯಾಪೊಲಿಸ್‌ನಲ್ಲೇ ಇಂಥ ಒಂದು ಜಾಗ ಇತ್ತು. ಊರಿನ ಈಶಾನ್ಯ ಭಾಗದಲ್ಲಿ, ಮನೆಗಳ ನಡುವೆ. ಲಿಬ್ಬಿಯ ಮಾಲನ್ನು ಅಲ್ಲಿ ಕಾಯಿಸಿ ಅರಳಿಸುತ್ತಿದ್ದರು. ಅರಳದೆ ಉಳಿದ ಕಲ್ಲುಪುಡಿಯನ್ನು ಹೊರಗೆ ರಾಶಿ ಹಾಕಿ, ಜಲ್ಲಿ ಪುಕ್ಕಟೆ ಅಂತ ಬೋರ್ಡು ಇಟ್ಟಿದ್ದರು. ಸುತ್ತಲಿನ ಜನ ಗಾಡಿ ತಂದು ತುಂಬಿಕೊಂಡು ಹೋದರು. ಅಂಗಳಕ್ಕೆ ಹಾಕಿದರು, ಕಾರು ನಿಲ್ಲಿಸುವ ದಾರಿಗೆ ಹಾಕಿದರು, ಹೂವಿನ ಪಾತಿಗೆ ಹಾಕಿದರು. ಮಕ್ಕಳು ಆ ರಾಶಿಯ ಮೇಲೆ ಹತ್ತಿ ಜಾರಿ ಆಡಿದರು. 1989ರಲ್ಲಿ ಆ ಕಾರ್ಖಾನೆ ಮುಚ್ಚಿತು. ಹತ್ತು ವರ್ಷ ಕಳೆದ ಮೇಲೆ ಸರ್ಕಾರದವರು ಮನೆ ಮನೆಗೆ ಹೋಗಿ ಮಣ್ಣು ನೋಡಿದರು. 200ಕ್ಕೂ ಜಾಸ್ತಿ ಮನೆಗಳ ಅಂಗಳ ಅಗೆದು, ಹಳೇ ಮಣ್ಣು ತೆಗೆದು, ಹೊಸ ಮಣ್ಣು ತುಂಬಿಕೊಟ್ಟರು.

ಮಗ ನನ್ನನ್ನು ಆ ಬೀದಿಗೆ ಕರೆದುಕೊಂಡು ಹೋಗಿದ್ದ. ಒಬ್ಬ ಅಜ್ಜ ಅಂಗಳದ ಹುಲ್ಲಿಗೆ ನೀರು ಬಿಡುತ್ತಿದ್ದರು. ನನಗೆ ನಾಲ್ಕಾಣೆಯ ಗೋಣಿ ನೆನಪಾಯಿತು. ನಮ್ಮ ಚಾಳಿನಲ್ಲಿ ಯಾರಾದರೂ ಬಾಗಿಲು ತಟ್ಟಿ, "ಅಮ್ಮ, ಆ ಕಾರ್ಖಾನೆಯ ಗೋಣಿ ನಿಮ್ಮ ಮನೆಯಲ್ಲಿ ಇದೆಯಾ?" ಅಂತ ಕೇಳಿದ್ದರೆ!

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತ ಅಲ್ಲ. 1948ರ ಫ್ಯಾಕ್ಟರಿ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಆಸ್ಬೆಸ್ಟೋಸಿಸ್, ಅಂದರೆ ಕಲ್ನಾರಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಇತ್ತು. ಅಂಥ ರೋಗಿ ಕಂಡರೆ ಡಾಕ್ಟರು ಸರ್ಕಾರಕ್ಕೆ ತಿಳಿಸಬೇಕು ಅಂತ ಅದರಲ್ಲಿ ಇತ್ತು. 1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಕೇಸಿನಲ್ಲಿ ದೊಡ್ಡ ತೀರ್ಪು ಕೊಟ್ಟಿತು. ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆ ಇಡಬೇಕು ಅಂತ ಹೇಳಿತು. ರಾಜ್ಯದ ಫ್ಯಾಕ್ಟರಿ ಇನ್‌ಸ್ಪೆಕ್ಟರು ಕಾರ್ಮಿಕರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಮರುತಪಾಸಣೆಗೆ ಕಳಿಸಬೇಕು, ರೋಗ ಇದೆ ಅಂತ ಗೊತ್ತಾದರೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತಲೂ ಹೇಳಿತು. ಅಪ್ಪಯ್ಯ ಹೋಗಿ ಮೂರು ವರ್ಷ ಆಗಿತ್ತು.

ಅಪ್ಪಯ್ಯ ಸೇರಿದ್ದು 1964ರಲ್ಲಿ. ಆ ಲೆಕ್ಕದಲ್ಲಿ ಅವರ ದಾಖಲೆ 2004ರವರೆಗೆ ಇರಬೇಕಿತ್ತು. ನಾನು ತೀರ್ಪಿನ ಬಗ್ಗೆ ಓದಿ 1996ರಲ್ಲಿ ಹುಡುಕಿಕೊಂಡು ಹೋದೆ. ಕಾರ್ಖಾನೆಗೆ ಬೀಗ. ಒಂದು ಕಚೇರಿಯಲ್ಲಿ ಕೇಳಿದೆ. ಮುಚ್ಚಿದ ಕಾರ್ಖಾನೆಯ ಕಾಗದ ನಮ್ಮಲ್ಲಿ ಇರುವುದಿಲ್ಲ ಅಂದರು. ಮತ್ತೆ ಎಲ್ಲಿ ಕೇಳಬೇಕು ಅಂದೆ. ಮಾಲೀಕರನ್ನು ಕೇಳಿ ಅಂದರು. ಮೂರು ಸಲ ಹೋಗಿ ಸುಮ್ಮನಾದೆ. ಆಗ ಸುಮ್ಮನಾದದ್ದಕ್ಕೆ ಈಗ ನೋವಾಗುತ್ತದೆ.

ನನ್ನ ಒಂದೇ ಬೇಡಿಕೆ ಇಲ್ಲಿಂದ ಹುಟ್ಟಿದ್ದು. ಕಾರ್ಖಾನೆ ನಡೆಯುತ್ತಿದ್ದರೆ ಅದಕ್ಕೆ ಇನ್‌ಸ್ಪೆಕ್ಟರ್ ಇದ್ದಾರೆ. ಬೀಗ ಬಿದ್ದ ಮೇಲೆ ಆ ಜಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಕಲ್ನಾರಿನ ಕೆಲಸ ಶುರುವಾಗುವುದೇ ಆಮೇಲೆ, ಅಲ್ವಾ? ಕಾಯಿಲೆ ನಲವತ್ತು ವರ್ಷ ಕಾಯುತ್ತದೆ, ಸರ್ಕಾರ ಬೀಗ ಬಿದ್ದ ದಿನವೇ ಎದ್ದು ಹೋಗುತ್ತದೆ. ಮುಚ್ಚಿದ ಜಾಗಗಳಿಗೂ ಇನ್‌ಸ್ಪೆಕ್ಟರ್ ಬರಬೇಕು. ಒಡೆಯುವ ಮೊದಲು ಬರಬೇಕು. ಹೇಳದೆ ಬರಬೇಕು.

ಕುರ್ಲಾದಿಂದ ಮುಲುಂಡ್ ದಾಟಿ ಠಾಣೆಯವರೆಗೆ ಎಲ್‌ಬಿಎಸ್ ಮಾರ್ಗದಲ್ಲಿ ಒಮ್ಮೆ ಬಸ್ಸಿನಲ್ಲಿ ಹೋಗಿ ನೋಡಿ. ನಾವು ಚಿಕ್ಕವರಿದ್ದಾಗ ಎರಡೂ ಬದಿಗೆ ಚಿಮಣಿ ಇತ್ತು. ಮೂರು ಪಾಳಿಯ ಭೋಂಗಾ (ಸೈರನ್) ಕೇಳಿಯೇ ಚಾಳಿನವರು ಗಡಿಯಾರ ಸರಿ ಮಾಡುತ್ತಿದ್ದರು. ಈಗ ಮಾಲ್‌ಗಳು, ಮೂವತ್ತು ನಲವತ್ತು ಮಾಳಿಗೆಯ ಟವರುಗಳು. ಯಾವ ಕಾಂಪೌಂಡಿನಲ್ಲಿ ಮೊದಲು ಏನು ಮಾಡುತ್ತಿದ್ದರು ಅಂತ ಹಳೇ ಲೈಸೆನ್ಸು ನೋಡಿದರೆ ಗೊತ್ತಾಗುತ್ತದೆ. ಕಲ್ನಾರು ಬಂದು ಬಿದ್ದ ಜಾಗಗಳ ಪಟ್ಟಿ ಮಾಡಲಿ. ಉಳಿದ ಶೆಡ್ಡಿನ ಮಣ್ಣು, ತೊಲೆಯ ಮೇಲಿನ ಧೂಳು ತೆಗೆದು ಪರೀಕ್ಷೆ ಮಾಡಲಿ. ಪತ್ರಾ ತೆಗೆಯುವಾಗ ಚೆನ್ನಾಗಿ ನೀರು ಹೊಡೆದು, ಸುತ್ತಿಗೆ ಬಳಸದೆ, ನಟ್ಟು ಬಿಚ್ಚಿ ಇಡಿಯಾಗಿ ಇಳಿಸಲಿ. ಇಳಿಸಿದ್ದನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅದಕ್ಕೆಂದೇ ಇರುವ ಜಾಗಕ್ಕೆ ಕಳಿಸಲಿ. ಭಂಗಾರ್‌ವಾಲಾನ, ಅಂದರೆ ಗುಜರಿಯವನ, ಕೈಗೆ ಕೊಟ್ಟರೆ ಅದೇ ಚೂರು ನಾಳೆ ಇನ್ನೊಂದು ಝೋಪಡಿಯ ಗೋಡೆಯಾಗುತ್ತದೆ. ಕೆಲಸದವರಿಗೆ ಎಳೆ ತಡೆಯುವ ಸರಿಯಾದ ಮಾಸ್ಕ್ ಕೊಡಲಿ. ಸೆರಗಿನಿಂದ ಅದು ನಿಲ್ಲುವುದಿಲ್ಲ. ಬಟ್ಟೆ ಬದಲಿಸಿ, ಸ್ನಾನ ಮಾಡಿ ಮನೆಗೆ ಹೋಗಲು ಅಲ್ಲೇ ವ್ಯವಸ್ಥೆ ಮಾಡಲಿ. ಆ ಬಟ್ಟೆ ಮನೆಗೆ ಹೋಗಬಾರದು. ಇದನ್ನು ನಾನು ನೂರು ಸಲ ಬೇಕಾದರೂ ಹೇಳುತ್ತೇನೆ.

ಗೇಟಿಗೆ ಒಂದು ಬೋರ್ಡು ಇರಲಿ. ಮರಾಠಿ, ಹಿಂದಿಯ ಜೊತೆ ಕನ್ನಡದಲ್ಲೂ ಬರೆಯಲಿ. ಒಡೆಯುವ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿಯ ನಮ್ಮ ಜನ ಎಷ್ಟು ಬರುತ್ತಾರೆ ಅಂತ ಯಾವ ನಾಕಾದಲ್ಲಿ ಬೇಕಾದರೂ ಬೆಳಗ್ಗೆ ಎಂಟಕ್ಕೆ ನಿಂತು ನೋಡಬಹುದು. ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ. ನಾನೇ ಹೋಗಿ ಹೇಳುತ್ತೇನೆ, ಬಿಡಲಿ ಅಷ್ಟೆ.

ಮುಚ್ಚಿದ ಮೇಲೆ ಬಿಟ್ಟುಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದವರೆಗೆ ಹೋಗಬೇಕಿಲ್ಲ. ಝಾರ್ಖಂಡದ ಚೈಬಾಸಾ ಹತ್ತಿರ ರೋರೊ ಗುಡ್ಡದಲ್ಲಿ ಕಲ್ನಾರಿನ ಗಣಿ ಇತ್ತು. 1983ರಲ್ಲಿ ಮುಚ್ಚಿತು. ಅಗೆದು ಎಸೆದ ಪುಡಿ ಇಳಿಜಾರಿನಲ್ಲೇ ಉಳಿಯಿತು. ಪ್ರತಿ ಮಳೆಗೂ ಅದು ತೊಳೆದುಕೊಂಡು ಗದ್ದೆಗೆ, ಹಳ್ಳಕ್ಕೆ ಇಳಿಯಿತು. ಈಗ ನಮ್ಮ ದೇಶದಲ್ಲಿ ಕಲ್ನಾರಿನ ಗಣಿ ನಿಂತಿದೆ, ಆದರೆ ರಷ್ಯಾ ಮುಂತಾದ ಕಡೆಯಿಂದ ಹಡಗಿನಲ್ಲಿ ಬರುವುದು ನಿಂತಿಲ್ಲ. 60ಕ್ಕೂ ಹೆಚ್ಚು ದೇಶಗಳು ಇದನ್ನು ಬೇಡ ಅಂದಿವೆ. ನಾವು ಯಾವಾಗ ಅನ್ನುತ್ತೇವೆ ಅನ್ನುವುದು ದೆಹಲಿಯವರ ಕೈಯಲ್ಲಿದೆ. ಎದುರಿನ ಶೆಡ್ ಇಲ್ಲಿಯವರ ಕೈಯಲ್ಲೇ ಇದೆ.

ಇನ್ನು ಓದುಗರಲ್ಲಿ ಒಂದು ಮಾತು. ಮುಂಬಯಿ, ಠಾಣೆ ಕಡೆ ಕಲ್ನಾರಿನ ಕೆಲಸ ಮಾಡಿದ ಕನ್ನಡಿಗರು, ಅವರ ಹೆಂಡತಿ ಮಕ್ಕಳು ಎಷ್ಟೋ ಜನ ಇದ್ದೀರಿ. ಹೋಟೆಲಿನಿಂದ ಕಾರ್ಖಾನೆಗೆ ಬಂದವರು ನಮ್ಮ ಕಡೆ ಕಮ್ಮಿ ಇರಲಿಲ್ಲ. ಮನೆಯಲ್ಲಿ ಹಳೇ ಹಾಜರಿ ಕಾರ್ಡು, ಇಎಸ್‌ಐ ಪುಸ್ತಕ, ಪಿಎಫ್ ಚೀಟಿ, ಹಳೇ ಎಕ್ಸ್‌ರೇ ಏನಿದ್ದರೂ ಬಿಸಾಡಬೇಡಿ. ಕೆಮ್ಮಿಗೆ, ದಮ್ಮಿಗೆ ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ ನೀವೇ ಹೇಳಿ, ನಾನು ಇಂಥ ಕಡೆ ಕೆಲಸ ಮಾಡಿದ್ದೆ, ಇಲ್ಲವೇ ನಾನು ಅವರ ಬಟ್ಟೆ ಒಗೆದಿದ್ದೆ ಅಂತ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ. ಕಲ್ನಾರು ಮತ್ತು ಹೊಗೆ ಎರಡೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಜಾಸ್ತಿ. ನಾನೂ ಆ ಧೂಳು ಹಿಡಿಯಲು ಹಾರಿದವಳು. ವರ್ಷಕ್ಕೊಮ್ಮೆ ಎದೆ ತೋರಿಸಿಕೊಂಡು ಬರುತ್ತೇನೆ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ನಮ್ಮ ಚಾಳಿನಿಂದ, ಅಪ್ಪಯ್ಯನ ಖಾತೆಯಿಂದ ನೆನಪಿಗೆ ಬಂದವರ ಹೆಸರು, ಸೇರಿದ ವರ್ಷ, ಬಿಟ್ಟ ವರ್ಷ, ಏನಾಯಿತು ಅಂತ ಬರೆದಿದ್ದೇನೆ. ಇಲ್ಲಿಯವರೆಗೆ 17 ಹೆಸರಾಗಿದೆ. ಅದರಲ್ಲಿ ಆರು ಹೆಂಗಸರದ್ದು. ನಮ್ಮ ಬಡಾವಣೆಯ ಕನ್ನಡ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೂತಿರುತ್ತೇನೆ. ಗೊತ್ತಿದ್ದವರು ಬಂದು ಸೇರಿಸಿ. ಇನ್‌ಸ್ಪೆಕ್ಟರ್ ಬಂದರೆ ಅವರಿಗೆ ಕೊಡಲು ನಮ್ಮ ಕೈಯಲ್ಲಿ ಇದಾದರೂ ಇರಲಿ.

ಜೂನ್ ಮೊದಲ ವಾರ ಮಳೆ ಹಿಡಿದ ಮೇಲೆ ಎದುರಿನ ಕಾಂಪೌಂಡಿನಲ್ಲಿ ಕೆಲಸ ನಿಂತಿದೆ. ಶೆಡ್ಡಿನ ಅರ್ಧ ಮಾಡು ಹಾಗೇ ಇದೆ. ಒಡೆದ ಚೂರಿನ ರಾಶಿ ಮಳೆಯಲ್ಲಿ ನೆನೆಯುತ್ತಿದೆ, ಧೂಳು ಏಳುತ್ತಿಲ್ಲ. ನವರಾತ್ರಿ ಕಳೆದ ಮೇಲೆ ಉಳಿದದ್ದನ್ನು ಇಳಿಸುತ್ತಾರಂತೆ, ವಾಚ್‌ಮನ್ ಹೇಳಿದ. ಯಾದಗಿರಿಯ ಆ ಹೆಂಗಸು ಬಿತ್ತನೆಗೆ ಅಂತ ಊರಿಗೆ ಹೋಗಿದ್ದಾಳೆ, ಆ ಹೊತ್ತಿಗೆ ವಾಪಸ್ ಬರುತ್ತಾಳಂತೆ. ಅಷ್ಟರೊಳಗೆ ಯಾರಾದರೂ ಬಂದು ನೋಡಲಿ.

ಇಂತಿ,
ನಿವೃತ್ತ ಕನ್ನಡ ಶಾಲಾ ಶಿಕ್ಷಕಿ
ಭಾಂಡುಪ್ ಪಶ್ಚಿಮ, ಮುಂಬಯಿ